ಮುದಿ ಬಂಡೆಯ ಮೇಲೆ ಎಳೆಯ ಕಲ್ಲಿನ ಲೆಕ್ಕ

ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಓದುತ್ತಿರುವ ಅಕ್ಕನ ಮಗಳು ಕಳೆದ ಭಾನುವಾರ ಬೆಳಿಗ್ಗೆ ನನ್ನನ್ನು ಜಯನಗರದಲ್ಲಿ ಮೆಟ್ರೋ ಹತ್ತಿಸಿ ಲಾಲ್‌ಬಾಗಿಗೆ ಕರೆದೊಯ್ದಳು. ಹೂವಿನ ಪಾತಿಗಳ ಕಡೆ ತಿರುಗದೆ, ಕೆಂಪೇಗೌಡ ಗೋಪುರವಿರುವ ಬಂಡೆಯನ್ನೇ ನೇರವಾಗಿ ಹತ್ತಿದೆವು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆನಿಸಿದ ಈ ನೈಸ್ ಶಿಲೆಗೆ (ಕಾವು, ಒತ್ತಡಗಳಿಂದ ಮಾರ್ಪಟ್ಟ ಪಟ್ಟೆಗಲ್ಲಿಗೆ) ಸುಮಾರು 300 ಕೋಟಿ ವರ್ಷ. ಇಷ್ಟು ಹಳೆಯದರ ವಯಸ್ಸನ್ನು ಕಂಡುಹಿಡಿಯುವುದು ಬಲು ಕಷ್ಟವಿರಬೇಕು ಎಂದೆ. “ಇಲ್ಲ ಮಾವ, ಮೊನ್ನೆ ಮೊನ್ನೆ ಉಕ್ಕಿದ ಲಾವಾದ್ದೇ ಕಷ್ಟ” ಎಂದಳು. ಆ ಮಾತಿನ ಬೆನ್ನು ಹತ್ತಿ ಬಿಸಿಲೇರುವ ತನಕ ಅಲ್ಲೇ ಕುಳಿತೆವು.

ಕಲ್ಲಿನಲ್ಲಿರುವ ವಿಕಿರಣಶೀಲ ಪೊಟ್ಯಾಸಿಯಂ-40 ಕ್ಷಯಿಸಿ ಎಷ್ಟು ಆರ್ಗಾನ್ ಅನಿಲವಾಗಿದೆ ಎಂದು ಅಳೆದು ವಯಸ್ಸು ಹೇಳುವುದು ಒಂದು ದಾರಿ. ಈ ಪೊಟ್ಯಾಸಿಯಂ ಅರ್ಧವಾಗಲು 125 ಕೋಟಿ ವರ್ಷ ಬೇಕು. ಎರಡು ಸಾವಿರ ವರ್ಷಗಳಲ್ಲಿ ಹತ್ತು ಲಕ್ಷ ಪರಮಾಣುಗಳಿಗೆ ಸುಮಾರು ಒಂದು ಕ್ಷಯಿಸುತ್ತದೆ, ಹಾಗೆ ಕ್ಷಯಿಸಿದವುಗಳಲ್ಲೂ ಹತ್ತರಲ್ಲೊಂದು ಪಾಲು ಮಾತ್ರ ಆರ್ಗಾನ್ ಆಗುತ್ತದೆ. ಇಷ್ಟು ಸಣ್ಣ ಮೊತ್ತವನ್ನು ಅಳೆಯುವಾಗ, ಶಿಲಾಪಾಕದಲ್ಲಿ (ನೆಲದೊಳಗಿನ ಕರಗಿದ ಕಲ್ಲಿನಲ್ಲಿ) ಮೊದಲೇ ಸಿಕ್ಕಿಕೊಂಡಿದ್ದ ಆರ್ಗಾನ್ ಲೆಕ್ಕವನ್ನೇ ಕೆಡಿಸಿಬಿಡುತ್ತದೆ. ಹವಾಯಿಯ ಹುವಲಾಲೈ ಪರ್ವತದಿಂದ 1801ರಲ್ಲಿ ಹರಿದ ಲಾವಾಕ್ಕೆ ಹತ್ತು ಲಕ್ಷ ವರ್ಷ ಮೀರಿದ ವಯಸ್ಸು ಬಂದದ್ದು ಈ ಕಾರಣದಿಂದಲೇ. ಆದರೂ ಎಚ್ಚರದಿಂದ ಅಳೆದರೆ ವಿಧಾನ ಕೈಬಿಡುವುದಿಲ್ಲ: ಕ್ರಿ.ಶ. 79ರಲ್ಲಿ ಸಿಡಿದ ಇಟಲಿಯ ವೆಸೂವಿಯಸ್ ಜ್ವಾಲಾಮುಖಿಯ ಸ್ಯಾನಿಡಿನ್ ಎಂಬ ಪೊಟ್ಯಾಸಿಯಂಭರಿತ ಹರಳುಗಳಿಗೆ 1997ರಲ್ಲಿ ಪ್ರಕಟವಾದ ವಯಸ್ಸು 1925 ವರ್ಷ, 94 ವರ್ಷ ಹೆಚ್ಚುಕಡಿಮೆ. ನಿಜವಾದ ಅಂತರ 1918. ಇದನ್ನು ಕೇಳಿ ನನಗೆ ರೋಮಾಂಚನವಾಯಿತು.

ಇನ್ನೊಂದು ದಾರಿ ಯುರೇನಿಯಂ ಸರಣಿಯದು, ಅಂದರೆ ಯುರೇನಿಯಂ ಕ್ಷಯಿಸುತ್ತ ಒಂದರಿಂದೊಂದು ಹುಟ್ಟುವ ಧಾತುಗಳದು. ಅದರ ಸಂತತಿಯಲ್ಲಿ ಥೋರಿಯಂ-230ರ ಅರ್ಧಾಯು (ಕ್ಷಯಿಸಿ ಅರ್ಧವಾಗುವ ಕಾಲ) ಸುಮಾರು 75,600 ವರ್ಷ, ರೇಡಿಯಂ-226ರದು 1600 ವರ್ಷ, ಪೊಲೋನಿಯಂ-210ರದು ಬರೀ 138 ದಿನ. ಕಲ್ಲು ಕದಡದೆ ಉಳಿದರೆ ಇವೆಲ್ಲ ತಾಯಿ ಧಾತುವಿನೊಡನೆ ಸಮತೋಲಕ್ಕೆ ಬರುತ್ತವೆ, ಅಂದರೆ ಹುಟ್ಟಿದಷ್ಟೇ ಅಳಿಯುತ್ತವೆ. ಕರಗುವಿಕೆ, ನೀರು, ಅನಿಲ ಆ ಸಮತೋಲವನ್ನು ಕೆಡಿಸುತ್ತವೆ, ಕೆಟ್ಟ ಗಳಿಗೆಯಿಂದ ಗಡಿಯಾರ ಶುರುವಾಗುತ್ತದೆ. ಲಾವಾ ಉಕ್ಕುವಾಗ ಪೊಲೋನಿಯಂ ಅನಿಲದೊಡನೆ ಹಾರಿಹೋಗಿ, ಬಳಿಕ ಸೀಸ-210ರಿಂದ ಮೆಲ್ಲನೆ ಮತ್ತೆ ಬೆಳೆಯುತ್ತದೆ. ಹೀಗಾಗಿಯೇ ಯಾರೂ ಕಣ್ಣಾರೆ ಕಾಣದ ಸಾಗರತಳದ ಸ್ಫೋಟ ಯಾವ ತಿಂಗಳಲ್ಲಿ ಆಯಿತೆಂದು ಸಹ ಹೇಳಬಹುದು.

ನನ್ನನ್ನು ಹೆಚ್ಚು ಸೆಳೆದದ್ದು ರೇಡಿಯಂ. ಸಾಗರದ ಫಲಕ ಇನ್ನೊಂದರ ಕೆಳಗೆ ಜಾರುವಲ್ಲಿ, ಅದರಿಂದ ಹೊರಟ ನೀರು ರೇಡಿಯಂ ಅನ್ನು ಹೊತ್ತೊಯ್ದು, ಅದನ್ನು ಹಡೆಯುವ ಥೋರಿಯಂ ಅನ್ನು ಹಿಂದೆ ಬಿಡುತ್ತದೆ. ಈ ಹೆಚ್ಚುವರಿ ರೇಡಿಯಂ ಸುಮಾರು ಎಂಟು ಸಾವಿರ ವರ್ಷಗಳಲ್ಲಿ ಅಳಿಯುವುದರಿಂದ, ಇಂಥ ಕಡೆ ಎದ್ದ ಜ್ವಾಲಾಮುಖಿ ದ್ವೀಪಮಾಲೆಗಳ ಲಾವಾದಲ್ಲಿ ಅದು ಉಳಿದಿದ್ದರೆ, ಭೂಗರ್ಭದ ನೂರು ಕಿಲೋಮೀಟರ್ ಆಸುಪಾಸಿನ ಆಳದಿಂದ ಶಿಲಾಪಾಕ ಅಷ್ಟರೊಳಗೇ ಮೇಲೇರಿ ಬಂದಿರಬೇಕು. ಹರಳುಗಳ ಕಥೆ ಬೇರೆ. ಜಿರ್ಕಾನ್‌ಗಳು ಸ್ಫೋಟಕ್ಕೆ ಸಾವಿರಾರು ವರ್ಷ ಮುಂಚೆಯೇ ಹುಟ್ಟಿ ಒಳಗೆ ಕಾದಿರುವುದುಂಟು.

ಇಳಿಯುವ ಮುನ್ನ ಬಂಡೆಯ ಕಪ್ಪು ಬಿಳಿ ಪಟ್ಟೆಗಳ ಮೇಲೆ ಕೈಯಾಡಿಸಿದೆ. ಇದೂ ಒಮ್ಮೆ ಶಿಲಾಪಾಕವೇ. ಅದು ಎಷ್ಟು ಬೇಗ ಮೇಲೇರಿತೆಂದು ಹೇಳಬಲ್ಲ ರೇಡಿಯಂನ ಏರುಪೇರು ಮಾತ್ರ ಇಲ್ಲಿ ಎಂದೋ ಸರಿಹೋಗಿದೆ. ಅವಳ ಮನಸ್ಸು ಆಗಲೇ ಅಂಡಮಾನಿನ ಬ್ಯಾರನ್ ದ್ವೀಪದ ಮೇಲಿತ್ತು. ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಮಲಗಿದ್ದು 1991ರಲ್ಲಿ ಮತ್ತೆ ಎದ್ದ ಆ ಜ್ವಾಲಾಮುಖಿಯ ಲಾವಾದ ಬಗ್ಗೆ ಮೆಟ್ರೋ ನಿಲ್ದಾಣದವರೆಗೂ ಮಾತಾಡುತ್ತಲೇ ಬಂದಳು.