ಬಳ್ಳಾರಿ ಬಿಸಿಲಿಗೆ ನಾನ್‌ಖಟಾಯಿ ಚಪ್ಪಟೆಯಾಗದಂತೆ

ನಾನ್‌ಖಟಾಯಿ ಅನ್ನೋ ತುಪ್ಪದ ಬಿಸ್ಕತ್ತಿನ ತವರು ಸೂರತ್ ಅಂತಾರೆ. ಡಚ್ಚರ ಬೇಕರಿಯನ್ನು ಪಾರ್ಸಿಗಳು ಮುಂದುವರಿಸಿದರು, ಬ್ರೆಡ್ ಹಿಟ್ಟು ಉಬ್ಬಿಸೋಕೆ ಹೆಂಡ ಹಾಕುತ್ತಿದ್ದರು ಅನ್ನೋದು ಅಲ್ಲಿಯ ಮಾತು. ಬರ್ಮಿಂಗ್‌ಹ್ಯಾಮಿನ ಆಲ್‌ಫ್ರೆಡ್ ಬರ್ಡ್ ಬೇಕಿಂಗ್ ಪೌಡರ್ ಮಾಡಿದ್ದು 1843ರಲ್ಲಿ, ಯೀಸ್ಟ್ ಒಗ್ಗದ ಹೆಂಡತಿಗಾಗಿ. ನಮ್ಮ ನಾನ್‌ಖಟಾಯಿಗೆ ಅಡುಗೆ ಸೋಡಾ ಸಾಕು.

ಮೈದಾ 150 ಗ್ರಾಂ, ಕಡಲೆ ಹಿಟ್ಟು 30, ಸಣ್ಣ ರವೆ 20, ಸಕ್ಕರೆ ಪುಡಿ 100, ತುಪ್ಪ 110. ಕಾಲು ಚಮಚ ಸೋಡಾ, ಒಂದು ಚಮಚ ಮೊಸರು, ಏಲಕ್ಕಿ.

ಎಲ್ಲರೂ ಎಡವೋದು ತುಪ್ಪದಲ್ಲೇ. ಏಪ್ರಿಲ್, ಮೇನಲ್ಲಿ ಬಳ್ಳಾರಿ ಅಡುಗೆಮನೆಯಲ್ಲಿ ತುಪ್ಪ ನೀರಿನಂತೆ ಇರುತ್ತೆ. ಅದನ್ನೇ ಕಲಸಿದರೆ ಉಂಡೆ ಒಲೆಯಲ್ಲಿ ಹರಡಿ ದೋಸೆಯಾಗುತ್ತೆ. ಫ್ರಿಜ್ಜಲ್ಲಿಟ್ಟು ಗಟ್ಟಿ ಮಾಡಿ, ಸಕ್ಕರೆ ಜೊತೆ ಬಿಳಿಚುವವರೆಗೆ ಬೀಟ್ ಮಾಡಿ. ಹಾಗೆ ಒಳಸೇರೋ ಗಾಳಿಯೇ ನಾನ್‌ಖಟಾಯಿಯನ್ನು ಹಗುರಾಗಿಸುತ್ತೆ. ಆಮೇಲೆ ಮೊಸರು ಬೆರೆಸಿ, ಸೋಡಾ ಸೇರಿಸಿ ಜರಡಿ ಹಿಡಿದ ಹಿಟ್ಟುಗಳನ್ನು ಹಾಕಿ ಕೂಡಿಸಿ. ಚಪಾತಿ ಹಿಟ್ಟಿನ ಹಾಗೆ ನಾದಿದರೆ ಗಟ್ಟಿ, ಕಡಿಯೋಕೆ ಆಗಲ್ಲ. ಉಂಡೆ ಕಟ್ಟಿ, ಅಂಗೈಯಲ್ಲಿ ಮೆಲ್ಲಗೆ ಒತ್ತಿ, 20 ನಿಮಿಷ ಮತ್ತೆ ಫ್ರಿಜ್ಜಿಗೆ.

ಮೊದಲೇ ಕಾಯಿಸಿದ ಓವನ್ನಲ್ಲಿ 165 ಡಿಗ್ರಿ, 18ರಿಂದ 20 ನಿಮಿಷ. ತಳ ಹೊಂಬಣ್ಣ, ಮೇಲೆ ಬಿರುಕು ಬಂದರೆ ತೆಗೀರಿ. ಬಿಸಿಯಲ್ಲಿ ಮುಟ್ಟಿದರೆ ಮೆತ್ತಗಿರುತ್ತೆ. ಬೆಂದಿಲ್ಲ ಅಂತ ಮತ್ತೆ ಒಳಗಿಡಬೇಡಿ, ಆರಿದ ಮೇಲೆ ಗರಿಗರಿಯಾಗುತ್ತೆ. ಬಾಯಲ್ಲಿ ಸೋಪಿನ ರುಚಿ ಬಂದರೆ ಸೋಡಾ ಜಾಸ್ತಿಯಾಗಿದೆ.