ಮೊದಲ ಸೆಳೆತ

ಯೋಗ ಮಾಡುವವರು ಯಾರೇ ಸಿಕ್ಕರೂ ನಾನು ತಪ್ಪದೆ ಕೇಳುತ್ತೇನೆ: ನಿಮಗೆ ಇದು ಶುರುವಾದದ್ದು ಹೇಗೆ? ಬೆನ್ನುನೋವು, ನಿದ್ದೆ ಬಾರದ ರಾತ್ರಿಗಳು, ವೈದ್ಯರ ಸಲಹೆ ಎನ್ನುವವರೇ ಹೆಚ್ಚು. ಹೆಸರಾಂತ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರರ ದಾರಿಯೂ ಅದೇ. ಮಲೇರಿಯಾ, ಟೈಫಾಯಿಡ್, ಕ್ಷಯ ಎಂದು ಬಾಲ್ಯವನ್ನೆಲ್ಲ ಕಾಯಿಲೆಯಲ್ಲೇ ಕಳೆದ ಹುಡುಗ 1934ರಲ್ಲಿ ಮೈಸೂರಿಗೆ, ಅಕ್ಕನ ಗಂಡ, ಯೋಗ ಕಲಿಸುತ್ತಿದ್ದ ಕೃಷ್ಣಮಾಚಾರ್ಯರ ಮನೆಗೆ ಬಂದರು.

ಆದರೆ ನನ್ನ ಮನಸ್ಸಿಗೆ ಹತ್ತಿರವಾಗುವುದು, ನೋಡಿಯೇ ಮನಸೋತವರ ಕತೆ. 1927ರಲ್ಲಿ ಹಾಸನದಲ್ಲಿ ಇದೇ ಕೃಷ್ಣಮಾಚಾರ್ಯರ ಯೋಗ ಪ್ರಾತ್ಯಕ್ಷಿಕೆ ನಡೆದಾಗ ನೋಡಲು ಬಂದವರಲ್ಲಿ, ಮುಂದೆ ತಾವೂ ಯೋಗಗುರುವಾದ 12 ವರ್ಷದ ಪಟ್ಟಾಭಿ ಜೋಯಿಸರೂ ಇದ್ದರು. ಆಮೇಲೆ ಬದುಕೆಲ್ಲ ಅದೇ ಆಯಿತು. ಆ ಹುಡುಗನ ಕಣ್ಣಿಗೆ ಅಂದು ಏನು ಕಂಡಿರಬಹುದು ಎಂದು ಎಷ್ಟೋ ಸಲ ಯೋಚಿಸಿದ್ದೇನೆ.

ನನ್ನನ್ನು ಸೆಳೆದದ್ದು ನನ್ನ ಸೋದರತ್ತೆ. ಎಪ್ಪತ್ತು ದಾಟಿದವರು. ಒಂದು ದಿನ ಮಾತನಾಡುತ್ತ ನೆಲದ ಮೇಲೆ ಕುಳಿತಿದ್ದವರು, ಬಾಗಿಲು ಬಡಿದ ಸದ್ದಾದಾಗ ಕೈ ಊರದೆ, ಗೋಡೆ ಹಿಡಿಯದೆ, ಉಸಿರು ಬಿಡುತ್ತ ಸಲೀಸಾಗಿ ಎದ್ದು ನಡೆದರು. ನಾನು ಇನ್ನೂ ಮೊಣಕಾಲಿಗೆ ಅಂಗೈ ಒತ್ತಿ ಏಳುತ್ತಿದ್ದೆ. “ನನಗೂ ಕಲಿಸಿ ಅತ್ತೆ” ಎಂದೆ.

“ಮೊದಲು ನೆಟ್ಟಗೆ ನಿಲ್ಲು” ಎಂದರು. ತಾಡಾಸನ. ಕಣ್ಣು ಮುಚ್ಚಿ ನಿಂತೆ. ಮೈಭಾರವೆಲ್ಲ ಬಲಗಾಲಿನ ಹಿಮ್ಮಡಿಯ ಮೇಲೆ ಬಿದ್ದಿದೆ ಎಂಬುದು ಅಂದು ಮೊದಲ ಸಲ ನನಗೆ ಗೊತ್ತಾಯಿತು.