ಮೂಗು ಮಾಡುತ್ತಿದ್ದ ಕೆಲಸ

ಗಂಟಲ ಕ್ಯಾನ್ಸರ್‌ಗೆ ಧ್ವನಿಪೆಟ್ಟಿಗೆ ತೆಗೆಸಿ 7 ತಿಂಗಳಾಯಿತು. ಈಗ ಉಸಿರಾಟವೆಲ್ಲ ಕುತ್ತಿಗೆಯ ತೂತಿನಿಂದ. ಮೂಗು ಇರುವುದು ಸುಮ್ನೆ, ಕನ್ನಡಕ ಹೊರಲು. ಗಾಳಿಯನ್ನು ಬೆಚ್ಚಗೆ ಮಾಡಿ, ತೇವ ಸೇರಿಸಿ, ಧೂಳು ಸೋಸಿ ಒಳಗೆ ಕಳಿಸುತ್ತಿದ್ದದ್ದು ಅದೇ ಅಲ್ವಾ, ಅದು ಈಗ ಗೊತ್ತಾಗುತ್ತಿದೆ.

ಇವತ್ತು ಗಾಂಧಿ ಬಜಾರಿನಲ್ಲಿ ಅವರೆಕಾಯಿ ಚೀಲ ಹಿಡಿದು ನಾಲ್ಕು ಹೆಜ್ಜೆ ಹಾಕುವುದರೊಳಗೆ ಏದುಸಿರು. ಚಳಿಯ ಒಣಗಾಳಿಗೆ ಕಫ ಗಟ್ಟಿಯಾಗಿತ್ತು. ಹೂ ಮಾರುವ ಅಮ್ಮ ಸ್ಟೂಲ್ ಕೊಟ್ಟು, "ನೀರು ಕುಡೀರಿ ಸಾರ್" ಅಂದರು. ಕುಡಿದೆ. ಕುತ್ತಿಗೆಯ ತೂತಿನ ಮುಂದೆ ಇಳಿಬಿಟ್ಟ ಬಟ್ಟೆಯನ್ನೂ ಒದ್ದೆ ಮಾಡಿಕೊಂಡೆ, ಒಳಹೋಗುವ ಗಾಳಿಗೆ ತೇವ ಸಿಗಲಿ ಅಂತ. ಮುಂದೆ ಬಾಗಿ ಜೋರಾಗಿ ಕೆಮ್ಮಿದೆ. ಕಫ ಬಂತು, ಉಸಿರು ಸಲೀಸಾಯಿತು. ದನಿಯಿಲ್ಲವಲ್ಲ, ಕೈ ಮುಗಿದೆ.

ಮೂಗಿನಿಂದ ಗಾಳಿ ಹೋಗದ ಮೇಲೆ ವಾಸನೆಯೂ ಅಷ್ಟಕ್ಕಷ್ಟೆ. ಮನೆಗೆ ಬಂದು ಅವರೆಕಾಯಿಯನ್ನು ಹೆಂಡತಿಯ ಮೂಗಿಗೆ ಹಿಡಿದು, ಸೊಗಡಿದೆಯಾ ಅಂತ ಹುಬ್ಬಿನಲ್ಲೇ ಕೇಳಿದೆ.